ಸುಶೀಲಾ ಆಂಟಿಯ ಫೇರೋ

ಸುಶೀಲಾ ಆಂಟಿ ಪ್ರಾಚೀನ ಈಜಿಪ್ಟಿನ ಫೇರೋ, ಅಂದರೆ ರಾಜ, ಮೂರನೆಯ ಅಮೆನ್‌ಹೋಟೆಪ್‌ನ ಕಥೆಯನ್ನು ಧಾರವಾಡದ ತಮ್ಮ ಸೋದರಮಾವನ ಸುದ್ದಿಯಂತೆ ಹೇಳುತ್ತಿದ್ದರು. “ಏನ್ ಅರಸೊತ್ತಿಗಿ ಅಂತೀ! ಹತ್ತಿರ ಹತ್ತಿರ ಮೂವತ್ತೆಂಟು ವರ್ಷ. ಜಗಳ ಕಮ್ಮಿ, ಬಂಗಾರ ಭಾಳ. ಲಗ್ನದ ಸುದ್ದಿ ಕಲ್ಲಿನ ಜೀರುಂಡಿ ಮ್ಯಾಲೆ ಕೆತ್ತಿಸಿ ಊರೂರಿಗೆ ಕಳಸಿದಾ. ಹೆಂಡತಿಗೆ ಕೆರಿ ತೋಡಿಸಿದಾ, ಮತ್ತೊಂದು ಜೀರುಂಡಿ!”

ಕಡಲಾಚೆಯ ನಮ್ಮ ಊರು ಓಲ್ಡ್ ಬ್ರಿಡ್ಜ್‌ನಲ್ಲಿ, ಅವರ ಮನೆಯ ಬೇಸ್‌ಮೆಂಟಿನಲ್ಲಿ ಭಾನುವಾರ ಹತ್ತಕ್ಕೆ ಕನ್ನಡ ತರಗತಿ. ನಾವು ಒಂಬತ್ತು ಮಂದಿ ಮಕ್ಕಳು. ಪ್ರತಿ ವಾರ ನಾವೂ ಆ ರಾಜನಂತೆ ಜೇಡಿಮಣ್ಣಿನ ಜೀರುಂಡೆ ಮಾಡಿ, ಅದರ ಹೊಟ್ಟೆಯ ಮೇಲೆ ನಮ್ಮ ಮನೆಯ ಸುದ್ದಿಯನ್ನು ಕನ್ನಡದಲ್ಲಿ ಗೀಚಬೇಕು. ನನ್ನ ಡೈರಿಯ ಪ್ರಕಾರ ಹದಿಮೂರು ವಾರಕ್ಕೆ ನೂರಾ ಹದಿನೇಳು ಜೀರುಂಡೆಗಳಾದವು. ಬರೆಯುವುದೇನೋ ಬಂತು. ಬಾಯಿ ಬಿಟ್ಟರೆ ಮಾತ್ರ ಎಲ್ಲರದೂ ಇಂಗ್ಲಿಷ್.

ಆ ವರ್ಷ ಕನ್ನಡ ಕೂಟದ ಹಬ್ಬಕ್ಕೆ ಆಂಟಿ ಅಮೆನ್‌ಹೋಟೆಪ್‌ನ ನಾಟಕ ಬರೆದರು. ನಮ್ಮಲ್ಲಿ ಮಕ್ಕಳ ನಾಟಕವೆಂದರೆ ಅಪ್ಪ ಅಮ್ಮಂದಿರು ಮಾತುಗಳನ್ನು ಮೊದಲೇ ರೆಕಾರ್ಡ್ ಮಾಡುತ್ತಾರೆ, ಮಕ್ಕಳು ವೇದಿಕೆಯಲ್ಲಿ ತುಟಿ ಆಡಿಸುತ್ತಾರೆ.

“ರೆಕಾರ್ಡಿಂಗ್ ಹಾಕ್ಬಿಡೋಣ ಆಂಟಿ, ಸೇಫು,” ಎಂದರು ಕಾರ್ಯದರ್ಶಿ ಮುರಳಿ ಅಂಕಲ್.

“ನನ್ನ ರಾಜಾನ ಬಾಯಾಗ ನಿಮ್ಮ ಧ್ವನಿಯೇನ್ರೀ? ಗೋರಿಯಾಗಿನ ಮಮ್ಮಿ ಎದ್ದು ನಕ್ಕೀತು. ಹುಡುಗ್ರು ಮಾತಾಡ್ಲಿಲ್ಲಂದ್ರ ಅವತ್ತ ಕ್ಲಾಸ್ ಬಂದ್ ಮಾಡ್ತೇನಿ.”

ಅವರು ಹೇಳಿದರೆ ಹೇಳಿದ ಹಾಗೆಯೇ ಎಂದು ನಮಗೆ ಗೊತ್ತಿತ್ತು.

ನವೆಂಬರ್ ಎರಡನೆಯ ಶನಿವಾರ, ಸಂಜೆ ನಾಲ್ಕೂವರೆಗೆ ನಾಟಕ. ರಾಜನಾಗಿದ್ದ ನಿಖಿಲ್ ಸಿಂಹಬೇಟೆಯ ಮಾತು ಮರೆತ. ಒಂದು, ಎರಡು... ನಾನು ಏಳರವರೆಗೆ ಎಣಿಸಿದೆ. ಆಗ ರಾಣಿಯಾಗಿದ್ದ ಮಾಯಾ, ಮನೆಯಲ್ಲಿ ಕನ್ನಡಕ್ಕೆ ತುಟಿ ಬಿಚ್ಚದವಳು, ಸೊಂಟಕ್ಕೆ ಕೈಯಿಟ್ಟಳು. “ಏನ್ರೀ, ನೂರಾ ಎರಡು ಸಿಂಹ ಹೊಡ್ದೆ ಅಂತ ಊರೆಲ್ಲಾ ಹೇಳ್ಕೊಂಡ್ ಬಂದ್ರಿ. ಈಗ ಮರ್ತೋಯ್ತಾ?”

“ಮರ್ತಿಲ್ಲ ಕಣೇ! ಹಸಿವಾಗ್ತಿದೆ. ಮೊದ್ಲು ಊಟ ಹಾಕು!”

ಸಭಾಂಗಣ ನಕ್ಕು ನಕ್ಕು ಸುಸ್ತಾಯಿತು. ಪರದೆಯ ಪಕ್ಕದಲ್ಲಿ ಆಂಟಿ ಸ್ಕ್ರಿಪ್ಟಿನ ಹಾಳೆಗಳನ್ನು ಗಾಳಿಗೆ ತೂರಿ ಕುಣಿಯುತ್ತಿದ್ದರು. “ಇದು ನಾ ಬರದದ್ದಲ್ಲ! ಇದು ಅವರದ! ಅವರದ!”

ಕಳೆದ ಜೂನ್‌ನಲ್ಲಿ ಅವರು ಟೆಕ್ಸಾಸಿನ ಮಗಳ ಮನೆಗೆ ಹೊರಟರು. ವಿಮಾನ ನಿಲ್ದಾಣಕ್ಕೆ ಹೋಗುವ ರೈಲಿಗೆ ಕಾಯುತ್ತಾ, ಮೆಟುಚೆನ್ ನಿಲ್ದಾಣದ ಪ್ಲಾಟ್‌ಫಾರ್ಮಿನಲ್ಲಿ ಅವರನ್ನು ಸುತ್ತುವರಿದು ಒಂಬತ್ತೂ ಜನ ಒಟ್ಟಿಗೆ ಕನ್ನಡದಲ್ಲೇ ಒದರುತ್ತಿದ್ದೆವು, ಪೆಟ್ಟಿಗೆ ಯಾರು ಎತ್ತಬೇಕು ಎಂಬುದಕ್ಕೂ ಜಗಳ. ಆಂಟಿ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ.

“ಯಾಕಾಂಟಿ, ಒಂದು ಮಾತೂ ಆಡ್ತಿಲ್ಲ?” ಎಂದಳು ಮಾಯಾ.

“ನೀವು ಬಿಟ್ಟರಲ್ಲೇನ ಮಾತಾಡೂದು?” ಎಂದು ನಗುತ್ತಾ ರೈಲು ಹತ್ತಿದರು.