ಎಲ್ಲರೂ ಎಂದರೆ ಯಾರ್ಯಾರು

ಓದಿದ್ದನ್ನೆಲ್ಲ ಮನೆಯ ಲ್ಯಾಪ್‌ಟಾಪಿನ ಮೇಲೆ ಪ್ರಯೋಗಿಸಿ ನೋಡುವ ಚಟ ನನ್ನದು. ಪುತ್ತೂರಿನ ತರಬೇತಿ ಕೇಂದ್ರವೊಂದರಲ್ಲಿ ಕಂಪ್ಯೂಟರ್ ನಿರ್ವಹಣೆಯ ಸರ್ಟಿಫಿಕೇಟ್ ಕೋರ್ಸಿಗೆ ಸೇರಿದ್ದೆ. ಆ ವಾರದ ಪಾಠ ಬಳಕೆದಾರರ ಅನುಮತಿಗಳದ್ದು: ಯಾವ ಫೋಲ್ಡರನ್ನು ಯಾರು ತೆರೆಯಬಹುದು, ಯಾರು ತೆರೆಯಬಾರದು ಎಂದು ಗೊತ್ತುಮಾಡುವುದು.

ಬೆಟ್ಟಂಪಾಡಿಯ ನಮ್ಮ ಮನೆಯ ಲ್ಯಾಪ್‌ಟಾಪಿನಲ್ಲಿ ಕಾಪಾಡಬೇಕಾದದ್ದು ಒಂದೇ ಫೋಲ್ಡರ್. ಅಪ್ಪನನ್ನು ನಾವು ಉಪ್ಪ ಎನ್ನುತ್ತೇವೆ, ಅಮ್ಮನನ್ನು ಉಮ್ಮ. ಉಪ್ಪ ಗಲ್ಫಿನಿಂದ ಮಾಡುತ್ತಿದ್ದ ಕರೆಗಳನ್ನು ಉಮ್ಮನ ಹಳೆಯ ಫೋನು ತನ್ನಷ್ಟಕ್ಕೆ ರೆಕಾರ್ಡ್ ಮಾಡಿಟ್ಟಿತ್ತು. ಅವರು ತೀರಿಹೋದ ಮೇಲೆ ನಾನು ಅವನ್ನು ಲ್ಯಾಪ್‌ಟಾಪಿಗೆ ಹಾಕಿದೆ. ಆಮೇಲೆ ಫೋನು ಕೆಟ್ಟಿತು. ಬೇರೆ ಪ್ರತಿ ಇರಲಿಲ್ಲ. ಮಧ್ಯಾಹ್ನದ ನಮಾಜು ಮುಗಿಸಿ ಉಮ್ಮ ನನ್ನ ಪಕ್ಕ ಕೂತು ದಿನಕ್ಕೊಂದು ಕರೆ ಕೇಳುತ್ತಿದ್ದಳು.

ನರಿಮೊಗರಿನಿಂದ ಅಕ್ಕನ ಮಕ್ಕಳು ರಜೆಗೆ ಬರುವವರಿದ್ದರು. ಅವರ ಕೈಗೆ ಸಿಕ್ಕಿದ ಯಾವ ಯಂತ್ರವೂ ಉದ್ಧಾರವಾದದ್ದಿಲ್ಲ. ಹಾಗಾಗಿ ಆ ಫೋಲ್ಡರಿನ ಅನುಮತಿಗಳಲ್ಲಿ ‘ಎವ್ರಿವನ್’ ಎಂದು ಸೇರಿಸಿ, ‘ಡಿನೈ’ ಎಂಬಲ್ಲಿ ಗುರುತು ಹಾಕಿದೆ. ಎಂದರೆ, ಎಲ್ಲರಿಗೂ ಪ್ರವೇಶ ನಿಷೇಧ. ಏನೋ ಎಚ್ಚರಿಕೆ ಬಂತು. ಓದದೆಯೇ ‘ಹೌದು’ ಒತ್ತಿದೆ.

ಮಧ್ಯಾಹ್ನ ಉಮ್ಮ ಬಂದು ಕೂತಳು. ಫೋಲ್ಡರ್ ತೆರೆಯಲು ಹೋದರೆ, ನಿಮಗೆ ಅನುಮತಿ ಇಲ್ಲ ಎಂದಿತು. ನನ್ನ ಮನೆಯಲ್ಲಿ, ನನ್ನದೇ ಖಾತೆಯಲ್ಲಿ, ನನಗೇ! ಗಾತ್ರ ನೋಡಿದೆ: ಸೊನ್ನೆ. ಅಂದರೆ ಒಳಗೆ ಏನೂ ಇಲ್ಲ.

“ಎಂತ ಆಯ್ತು? ಅವರ ಮಾತು ಎಲ್ಲಿ?” ಎಂದಳು ಉಮ್ಮ.

“ಸ್ವಲ್ಪ ಇರು, ನೋಡ್ತಾ ಇದ್ದೇನೆ.”

“ಹೋಯ್ತಾ?”

ಅವಳು ಗದರಿದ್ದರೆ ಉತ್ತರ ಕೊಡುತ್ತಿದ್ದೆ. ಅಷ್ಟು ಮೆಲ್ಲಗೆ ಕೇಳಿದ್ದಕ್ಕೆ ಅವಳ ಮುಖ ನೋಡಲಾಗಲಿಲ್ಲ. ಲ್ಯಾಪ್‌ಟಾಪ್ ಆರಿಸಿ ಹಚ್ಚಿದೆ. ನನ್ನ ಹೆಸರನ್ನೇ ಸೇರಿಸಿ ಪೂರ್ತಿ ಅನುಮತಿ ಕೊಟ್ಟೆ. ಆಗಲೂ ಅದೇ ಉತ್ತರ. ಬಾಯಿಗೆ ಬಂದಂತೆ ಅದಕ್ಕೆ ಬೈದು, ಕೊನೆಗೆ ಪಾಠ ಮಾಡುವ ಸರ್‌ಗೆ ಫೋನು ಮಾಡಿದೆ.

“ಎವ್ರಿವನ್ ಅಂದ್ರೆ ಅದರಲ್ಲಿ ನೀವಿಲ್ವಾ ಮಾರಾಯ್ರೆ?” ಎಂದರು. “ನಿಮಗೆ ನೀವೇ ಬೀಗ ಹಾಕಿಕೊಂಡದ್ದು. ನಿಮ್ಮ ಹೆಸರಿಗೆ ಎಷ್ಟು ಕೊಟ್ರೂ ಆ ‘ಡಿನೈ’ಯೇ ಗೆಲ್ಲುದು. ಆ ಸಾಲು ತೆಗೀರಿ.”

“ಸೊನ್ನೆ ಅಂತ ತೋರಿಸ್ತಾ ಉಂಟು ಸರ್.”

“ಒಳಗೆ ಹೋಗ್ಲಿಕ್ಕೆ ಬಿಡದಿದ್ರೆ ಅದು ಎಂತದನ್ನು ಎಣಿಸುದು?”

‘ಎಲ್ಲರೂ’ ಎಂದು ಒತ್ತುವಾಗ ನನ್ನನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಎಲ್ಲರೂ ಅಂದರೆ ಉಳಿದವರು ಎಂದು ನನಗೆ ಕಲಿಸಿದವರು ಯಾರು? ಸಾಲು ತೆಗೆದೆ. ಫೋಲ್ಡರ್ ತೆರೆಯಿತು. ಮೊದಲು ಸಿಕ್ಕಿದ ಕರೆಯನ್ನೇ ಹಾಕಿದೆ.

“ಎಲ್ಲರದ್ದು ಊಟ ಆಯ್ತಾ?” ಉಪ್ಪನ ದನಿ.

“ಹೂಂ, ಎಲ್ಲರದ್ದೂ ಆಯ್ತು,” ಉಮ್ಮನ ದನಿ.

“ನಿನ್ನದು?”

“ಇನ್ನು ಆಗ್ಬೇಕಷ್ಟೆ.”

ಈ ಕರೆಯನ್ನು ನಾನು ಎಷ್ಟೋ ಸಲ ಕೇಳಿದ್ದೆ. ಕೇಳಿಸಿದ್ದು ಆವತ್ತೇ. ಪಕ್ಕದಲ್ಲಿ ಉಮ್ಮ ಕಣ್ಣೊರೆಸಿಕೊಂಡು ನಗುತ್ತಿದ್ದಳು.

“ಅವರು ಯಾವಾಗ್ಲೂ ಹಾಗೆಯೇ,” ಎಂದಳು. “‘ನಿನ್ನದು?’ ಅಂತ ಎರಡನೇ ಸಲ ಕೇಳುದು ಅವರೊಬ್ಬರೇ.”

ಗಂಟೆ ಮೂರು ದಾಟಿತ್ತು. ಉಮ್ಮನ ಊಟ ಆಗಿತ್ತೋ ಇಲ್ಲವೋ, ನನಗೆ ಗೊತ್ತಿರಲಿಲ್ಲ.