ಗ್ರೆನಡಾದ ಜಾಯಿಪತ್ರೆ

ಕೆರಿಬಿಯನ್ ಸಮುದ್ರದ ಹಡಗು ಪ್ರವಾಸಕ್ಕೆ ನಾವು ಗಂಡ ಹೆಂಡತಿ ಹೊರಟಿದ್ದು ಅದೇ ಮೊದಲು. ಹಡಗು ನಾಲ್ಕು ದ್ವೀಪಗಳಲ್ಲಿ ನಿಲ್ಲುತ್ತಿತ್ತು. ಎಲ್ಲಿ ಇಳಿದು ಏನು ನೋಡುತ್ತೇವೆಂದು ಮೊದಲೇ ತಿಳಿಸಬೇಕಿತ್ತು. ಶಿರಸಿಯ ಇಂಟರ್ನೆಟ್ ಅಂಗಡಿಯಲ್ಲಿ ಪಟ್ಟಿ ಮುದ್ರಿಸಿಕೊಂಡು ಬಂದು ಜಗಲಿಯಲ್ಲಿ ಕುಳಿತೆವು. ನಾನು ಬಿಳಿ ಮರಳಿನ ದಂಡೆಗಳಿಗೆ, ಗಾಜಿನ ತಳದ ದೋಣಿಗೆ ಗುರುತು ಹಾಕಿದೆ. ಇವರು ಅವನ್ನೆಲ್ಲ ದಾಟಿ ಗ್ರೆನಡಾದ ಜಾಯಿಕಾಯಿ ತೋಟದ ಮೇಲೆ ಬೆರಳಿಟ್ಟರು.

“ಸಮುದ್ರ ಗೋಕರ್ಣದಲ್ಲೂ ಇದ್ದು. ಅಲ್ಲಿಯವು ಜಾಯಿಪತ್ರೆ ಹ್ಯಾಂಗೆ ಒಣಗಿಸ್ತ ನೋಡವು.”

“ತೋಟ ನೋಡಲೆ ಅಷ್ಟು ದೂರ ಹೋಗವಾ?” ಎಂದು ರೇಗಿದೆ.

ಆದರೆ ಇವರ ಒಣಗಿಸುವ ಪ್ರಶ್ನೆ ನನ್ನ ತಲೆಯಲ್ಲೂ ಕೂತುಬಿಟ್ಟಿತು. ನಮ್ಮ ತೋಟದ ಜಾಯಿಕಾಯಿ ಉದುರುವುದು ಮಳೆಗಾಲದಲ್ಲಿ. ಬೀಜಕ್ಕೆ ಸುತ್ತಿಕೊಂಡ ಕೆಂಪು ಪತ್ರೆಗೆ ಬಿಸಿಲೇ ಸಿಗುವುದಿಲ್ಲ. ಅದನ್ನು ಬಿಡಿಸಿ, ಒಲೆಯ ಮೇಲಿನ ಬಿದಿರಿನ ತಟ್ಟಿಯಲ್ಲಿ ಹರವಿ, ಬೂಸ್ಟು ಹಿಡಿಯದಂತೆ ದಿನಕ್ಕೆ ನಾಲ್ಕು ಸಲ ತಿರುವಿ ಹಾಕುತ್ತಿದ್ದವಳು ನಾನು. ಒಣಗಿದ ಮೇಲೆ ಪೇಟೆಗೆ ಒಯ್ಯುವುದಷ್ಟೇ ಇವರ ಕೆಲಸ.

ಉಳಿದ ಮೂರು ದ್ವೀಪಗಳಲ್ಲಿ ನಾನು ಸಮುದ್ರವನ್ನು ಬಿಟ್ಟುಕೊಡಲಿಲ್ಲ. ಗ್ರೆನಡಾದಲ್ಲಿ ಮಾತ್ರ ತೋಟಕ್ಕೆ ನಾನೇ ಗುರುತು ಹಾಕಿದೆ. ತಾವು ಗೆದ್ದೆವೆಂದು ಇವರು ನಕ್ಕರು.

ಹೇಗೆ ಒಣಗಿಸುತ್ತಾರೆಂದು ಇವರು ಕೇಳಿಕೊಳ್ಳಲಿ. ಅಲ್ಲಿ ಅದನ್ನು ತಿರುವಿ ಹಾಕುವವರು ಯಾರೆಂದು ನನಗೆ ತಿಳಿಯಬೇಕಿತ್ತು.