ಒಂಬತ್ತು ಊರು, ಎಂಟು ದಿನ, ಒಂದು ಮೊಣಕಾಲು

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಈ ಯಜಮಾನರದ್ದು ಹುಟ್ಟುಗುಣವಲ್ಲ, ಡಿಪೋ ಗುಣ. ಅದು ನಿವೃತ್ತಿಯಾದ ಮೇಲೂ ಹೋಗಲಿಲ್ಲ. ಮೂವತ್ತನಾಲ್ಕು ವರ್ಷ ಬಸ್ಸುಗಳಿಗೆ ವೇಳಾಪಟ್ಟಿ ಬರೆದವರು. ಯಾವ ಬಸ್ಸು ಎಷ್ಟಕ್ಕೆ ಹೊರಟು, ಎಲ್ಲಿ ಎಷ್ಟು ನಿಂತು, ಎಷ್ಟಕ್ಕೆ ಹಿಂತಿರುಗಬೇಕು ಎನ್ನುವುದೆಲ್ಲ ಅವರ ಪೆನ್ಸಿಲ್ಲಿನ ತುದಿಯಲ್ಲೇ ಕುಳಿತಿತ್ತು. ಬೀದಿಯವರು ಅವರನ್ನು ಗಡಿಯಾರದ ಮಾವ ಅನ್ನುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಅದು ಅವರಿಗೂ ಗೊತ್ತಿತ್ತು, ಒಳಗೊಳಗೇ ಹಿಗ್ಗೂ ಇತ್ತು.

ಹೆಮ್ಮೆಗೆ ಒಂದು ಕಿರೀಟವೂ ಇತ್ತು. ಕೊನೆಯ ಸ್ಟಾಪಿನಲ್ಲಿ ಡ್ರೈವರಿಗೆ ಚಹಾಕ್ಕೆಂದು ಬಿಡುವ ಹತ್ತು ನಿಮಿಷ ತೆಗೆದುಹಾಕಿ ಎಂದು ಒಮ್ಮೆ ದೊಡ್ಡ ಸಾಹೇಬರು ಹೇಳಿದಾಗ, "ಹತ್ತು ನಿಮಿಷ ಕೂರದವನು ಬಸ್ ತಗೊಂಡೋಗಿ ಹಳ್ಳಕ್ಕೆ ಹಾಕ್ತಾನೆ ಸಾರ್, ನಾನು ಸಹಿ ಮಾಡಲ್ಲ" ಎಂದು ಪೆನ್ಸಿಲ್ ಮೇಜಿನ ಮೇಲಿಟ್ಟು ಕೈಕಟ್ಟಿ ನಿಂತವರು. ಮನೆಗೆ ಬಂದವರೆಲ್ಲ ಈ ಕಥೆ ಕೇಳಿದ್ದಾರೆ, ಕೆಲವರು ಎರಡೆರಡು ಸಲ.

ಅವರ ಹೆಂಡತಿಗೆ ಮಾತ್ರ ಆ ಡಿಪೋ ಸವತಿಯಿದ್ದ ಹಾಗೆ. ಊರಿಗೆಲ್ಲ ರಜೆ ಬಂದರೆ ಹೆಚ್ಚುವರಿ ಬಸ್ಸು. ಹೆಚ್ಚುವರಿ ಬಸ್ಸೆಂದರೆ ಯಜಮಾನರು ಡಿಪೋದಲ್ಲಿ. ಮದುವೆಯಾದಂದಿನಿಂದ ಗಂಡ ಹೆಂಡತಿ ಒಟ್ಟಿಗೆ ಒಂದು ಪ್ರವಾಸ ಕಂಡವರಲ್ಲ. "ರಿಟೈರ್ ಆಗ್ಲಿ ಇರು, ಯುರೋಪಿಗೇ ಕರ್ಕೊಂಡು ಹೋಗ್ತೀನಿ" ಎಂಬ ಮಾತು ಹೇಳಿ ಹೇಳಿ ಸವೆದಿತ್ತು. ಈಗ ಮಗಳು ಆ ಮಾತನ್ನೇ ಜುಟ್ಟು ಹಿಡಿದು ನಿಲ್ಲಿಸಿ, ಸರೋವರಗಳೂ ಹಿಮದ ಬೆಟ್ಟಗಳೂ ಇರುವ ಯುರೋಪಿನ ಒಂದು ದೇಶವನ್ನು ಗೊತ್ತುಮಾಡಿದ್ದಳು. ಅಳಿಯನಿಗೆ ರಜೆ ಇಲ್ಲ. ಅಪ್ಪ, ಅಮ್ಮ, ತಾನು, ಆರು ವರ್ಷದ ತನ್ನ ಮಗಳು. ವೀಸಾ ಕಚೇರಿಯಲ್ಲಿ ಮೂರು ವಾರದ ನಂತರದ ಸೋಮವಾರ ಅರ್ಜಿ ಕೊಡಬೇಕು. ಯಾವ ದಿನ ಎಲ್ಲಿರುತ್ತೇವೆ ಎಂಬ ಪಟ್ಟಿಯೂ ಜೊತೆಗಿರಬೇಕು.

"ಪಟ್ಟಿ ನನಗೆ ಬಿಡು," ಅಂದರು ಯಜಮಾನರು.

ಹದಿನೈದು ದಿನ ಕೂತು ಬರೆದರು. ಎಂಟು ದಿನ, ಒಂಬತ್ತು ಊರು. ಮೂರನೇ ದಿನ ಒಂದರಲ್ಲೇ ನೋಡಿ: 6.10ಕ್ಕೆ ಹೋಟೆಲು ಬಿಡುವುದು, 6.25ಕ್ಕೆ ರೈಲು ನಿಲ್ದಾಣ, ಕೋಟೆ ನಲವತ್ತು ನಿಮಿಷ, ಮ್ಯೂಸಿಯಂ ಮೂವತ್ತೈದು, ಸರೋವರ ಹನ್ನೆರಡು.

ಮನೆಯಾಕೆ ಕನ್ನಡಕ ಏರಿಸಿಕೊಂಡು ಓದಿದರು. "ಸರೋವರಕ್ಕೆ ಹನ್ನೆರಡೇ ನಿಮಿಷಾನಾ?"

"ನೀರು ತಾನೇ ಕಣೆ, ಎಷ್ಟು ಹೊತ್ತು ನೋಡ್ತೀಯ?"

"ನನ್ನ ಮೊಣಕಾಲು ಎಷ್ಟನೇ ಊರಿನ ತನಕ ಬರುತ್ತೆ ಅಂತ ಬರೆದೇ ಇಲ್ವಲ್ಲ."

"ಮನಸ್ಸಿದ್ರೆ ಮಾರ್ಗ."

"ಮನಸ್ಸು ನಿಮ್ದು, ಕಾಲು ನಂದು."

ಮನೆಯಾಕೆಯ ಪಾಸ್‌ಪೋರ್ಟ್ ಬೀರುವಿನಲ್ಲಿತ್ತು, ಬೀರುವಿನ ಬೀಗದ ಕೈ ಅವರ ಕೈಚೀಲದಲ್ಲಿತ್ತು. "ಈ ಮೂರನೇ ದಿನಾನ ಇದೇ ಊರಲ್ಲಿ, ಪೆಟ್ಟಿಗೆ ಸಮೇತ ನಡೆಸಿ ತೋರಿಸಿ. ಅದಾದ್ರೆ ಪಾಸ್‌ಪೋರ್ಟ್ ತೆಗೆದು ಕೊಡ್ತೀನಿ. ಇಲ್ಲಾಂದ್ರೆ ನೀವೂ ನಿಮ್ಮ ಪೆನ್ಸಿಲ್ಲೂ ಹೋಗ್ಬನ್ನಿ."

ಹೊಸ ಮಾರ್ಗಕ್ಕೆ ಮೊದಲು ಖಾಲಿ ಬಸ್ಸು ಓಡಿಸಿ ನೋಡುವುದು ಡಿಪೋದ ಪದ್ಧತಿ. ಯಜಮಾನರು ಮೀಸೆಯಡಿಯಲ್ಲೇ ನಕ್ಕು ಒಪ್ಪಿದರು.

ಶನಿವಾರ ಮನೆಯೇ ಹೋಟೆಲಾಯಿತು. ಬಸ್ ನಿಲ್ದಾಣ ರೈಲು ನಿಲ್ದಾಣವಾಯಿತು. ದಿಬ್ಬದ ಮೇಲಿನ ನೀರಿನ ಟ್ಯಾಂಕು ಕೋಟೆ; ಅದಕ್ಕೆ ನೂರ ನಲವತ್ತೆರಡು ಮೆಟ್ಟಿಲು. ಗ್ರಂಥಾಲಯ ಮ್ಯೂಸಿಯಂ, ಉದ್ಯಾನದ ಕೊಳ ಸರೋವರ. ತೂಕಕ್ಕೆಂದು ಎರಡು ಸೂಟ್‌ಕೇಸಿಗೆ ಹಳೆಯ ಪತ್ರಿಕೆ ತುರುಕಿದರು.

6.10ಕ್ಕೆ ಮೊಮ್ಮಗಳ ಒಂದು ಶೂ ಕಾಣಲಿಲ್ಲ. 6.18ಕ್ಕೆ ಸೂಟ್‌ಕೇಸಿನ ತಳದಲ್ಲಿ ಸಿಕ್ಕಿತು. ಪತ್ರಿಕೆಯ ಜೊತೆ ತುಂಬಿದವರು ಅಜ್ಜನೇ. 6.21ಕ್ಕೆ ಅವಳಿಗೆ ಬಚ್ಚಲಿಗೆ ಅವಸರ. 6.30ಕ್ಕೆ ಬೀಗ ಹಾಕಿ ಮೂರು ಮಹಡಿ ಇಳಿದರೆ, ಯಜಮಾನರ ಕನ್ನಡಕ ಮೇಲೆಯೇ ಉಳಿದಿತ್ತು.

"ರೈಲು ಹೋಯ್ತಪ್ಪ," ಅಂದಳು ಮಗಳು.

"ಮುಂದಿನದು ಹಿಡಿಯೋಣ."

"ಮುಂದಿನದು ನಿಮ್ಮ ಪಟ್ಟೀಲಿ ಇಲ್ವಲ್ಲ."

ನಿಲ್ದಾಣದಲ್ಲಿ ಪರಿಚಯದ ಡ್ರೈವರೊಬ್ಬ ಎದುರಾದ. "ಏನ್ ಸಾರ್, ಮನೆ ಖಾಲಿ ಮಾಡ್ತಿದೀರಾ?"

"ಯುರೋಪಿಗೆ ಅಭ್ಯಾಸ ಕಣಯ್ಯಾ."

"ಆ ಗಾಡಿ ಈ ಪ್ಲಾಟ್‌ಫಾರಂಗೆ ಬರಲ್ಲ ಸಾರ್," ಅಂದವನು ನಗು ನುಂಗಿಕೊಂಡು ಬಸ್ ಹತ್ತಿದ.

ತಡವಾದ ಬಸ್ಸು ದಾರಿಯಲ್ಲೇ ಹೊತ್ತು ಹೊಂದಿಸಿಕೊಳ್ಳಬೇಕು. ಅದೇ ಲೆಕ್ಕದಲ್ಲಿ ಯಜಮಾನರು ಸೂಟ್‌ಕೇಸು ಎತ್ತಿಕೊಂಡು ಕೋಟೆಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದರು. ಎಂಬತ್ತೆಂಟರ ತನಕ ಎಣಿಸಿದ್ದು ಅವರಿಗೆ ನೆನಪಿದೆ. ತೊಂಬತ್ತರಲ್ಲಿ ಎದೆ ಕಮ್ಮಾರನ ತಿದಿಯಾಯಿತು, ಕಾಲು ಹತ್ತಿಯಾಯಿತು. ಸೂಟ್‌ಕೇಸಿನ ಮೇಲೆ ಕುಸಿದು ಕೂತರು. ಮನೆಯಾಕೆ ಮೊಮ್ಮಗಳ ಕೈ ಹಿಡಿದು ಇಪ್ಪತ್ತು ಮೆಟ್ಟಿಲಿಗೊಮ್ಮೆ ಕೂತು, ನೀರು ಕುಡಿದು, ಎದ್ದು ಬರುತ್ತಿದ್ದರು. ಕೂತಿದ್ದ ಯಜಮಾನರನ್ನು ದಾಟುವಾಗ, "ಸ್ವಲ್ಪ ದಾರಿ ಬಿಡ್ರೀ, ಮೊಣಕಾಲು ಬರ್ತಾ ಇದೆ," ಅಂದರು. ಸ್ವಲ್ಪ ಹೊತ್ತಿಗೆ ಮೇಲಿಂದ ಮೊಮ್ಮಗಳ ದನಿ ಬಂತು: "ಅಜ್ಜ, ಕೋಟೆ ಚೆನ್ನಾಗಿದೆ. ನಿಂಗೆ ಫೋಟೋ ತೋರಿಸ್ತೀವಿ."

ಮ್ಯೂಸಿಯಮ್ಮಿನ ಹೆಸರನ್ನು ಯಾರೂ ಎತ್ತಲಿಲ್ಲ. ನೇರ ಕೊಳದ ದಂಡೆಗೆ ಹೋಗಿ ಕೂತರು. ಹನ್ನೆರಡು ನಿಮಿಷ ಮುಗಿದಿದ್ದನ್ನು ಯಜಮಾನರ ಕೈಗಡಿಯಾರ ಹೇಳಿತು. ಯಾರೂ ಏಳಲಿಲ್ಲ. ಏಳಿ ಎನ್ನಲು ಅವರಿಗೂ ಕಾಲಿರಲಿಲ್ಲ.

"ಡ್ರೈವರ್‌ಗೆ ಹತ್ತು ನಿಮಿಷ ಬೇಕು ಅಂತ ಸಾಹೇಬ್ರ ಎದುರು ನಿಂತವ್ರು ನೀವೇ ತಾನೇ?" ಮನೆಯಾಕೆ ಕೊಳವನ್ನು ನೋಡುತ್ತಲೇ ಕೇಳಿದರು.

"ಹೂಂ. ನಾನೇ."

"ನಮಗೆ ಎಷ್ಟು ಬಿಟ್ಟಿದೀರಿ?"

ಯಜಮಾನರು ಜೇಬಿನಿಂದ ಪಟ್ಟಿ ತೆಗೆದು ಎಂಟು ದಿನವನ್ನೂ ಬೆರಳಿಟ್ಟು ಹುಡುಕಿದರು. ಒಂದು ನಿಮಿಷವೂ ಸಿಗಲಿಲ್ಲ. ಇಂಥ ಪಟ್ಟಿ ಡಿಪೋಗೆ ಬಂದಿದ್ದರೆ ಬರೆದವನ ಮುಖಕ್ಕೆ ಎಸೆಯುತ್ತಿದ್ದರು. ಮಡಚಿ ಜೇಬಿಗೆ ಹಾಕಿಕೊಂಡರು.

ಭಾನುವಾರ ಹೊಸ ಪಟ್ಟಿಗೆ ಕೂತರು. ಒಂಬತ್ತು ಊರು ಎರಡಾಯಿತು: ಮೊದಲನೆಯದರಲ್ಲಿ ನಾಲ್ಕು ರಾತ್ರಿ, ಎರಡನೆಯದರಲ್ಲಿ ಮೂರು. ಪೆಟ್ಟಿಗೆ ಕಟ್ಟುವ ಕೆಲಸ ನಡುವೆ ಒಂದೇ ಸಲ, ರೈಲು ತಿಂಡಿಯಾದ ಮೇಲೆ. ದಿನಕ್ಕೆ ನೋಡುವುದು ಒಂದೇ ಜಾಗ, ಊಟವಾದ ಮೇಲೆ ಒಂದು ನಿದ್ದೆ. ಕೋಟೆಗೆ ಮೆಟ್ಟಿಲಲ್ಲ, ಹಗ್ಗ ಕಟ್ಟಿ ಬೆಟ್ಟದ ಮೇಲಕ್ಕೆ ಎಳೆಯುವ ಪುಟ್ಟ ರೈಲು. ಮಳೆ ಬಂದರೆ ಮಾತ್ರ ಮ್ಯೂಸಿಯಂ. ಮಗಳು ಓದಿ, "ಇದು ಮನುಷ್ಯರು ಹೋಗೋ ಪಟ್ಟಿ," ಅಂದಳು.

ಮನೆಯಾಕೆ ಆರನೇ ದಿನದ ಹತ್ತಿರ ನಿಂತರು. ಅಲ್ಲಿ ಬರೆದಿತ್ತು: 10.00ರಿಂದ 5.00, ಸರೋವರದ ದಂಡೆ, ಕೆಲಸವಿಲ್ಲ.

"ಐದು ಗಂಟೆಗೆ ಯಾಕೆ ಏಳ್ಬೇಕು?"

ಯಜಮಾನರು ಪಟ್ಟಿಯನ್ನು ತಮ್ಮತ್ತ ಎಳೆದುಕೊಂಡರು. ನಿಂತ ಬಸ್ಸಿಗೆ ಹೊರಡುವ ಸಮಯ ಬರೆಯದೆ ಬಿಟ್ಟದ್ದು ಅವರ ಜನ್ಮದಲ್ಲೇ ಇರಲಿಲ್ಲ. ಆಮೇಲೆ ರಬ್ಬರ್ ತೆಗೆದುಕೊಂಡು ಐದನ್ನು ಅಳಿಸಿ, ಪುಡಿಯನ್ನು ಊದಿದರು.

ಮನೆಯಾಕೆ ಕೈಚೀಲದಿಂದ ಬೀಗದ ಕೈ ತೆಗೆದರು. ಪಾಸ್‌ಪೋರ್ಟ್ ಪಟ್ಟಿಯ ಮೇಲೆ ಬಂದು ಕೂತಿತು. ಯಜಮಾನರು ಅದನ್ನು ಎತ್ತಿಕೊಳ್ಳುವಷ್ಟರಲ್ಲಿ ಅವರ ಪೆನ್ಸಿಲ್ ಮೇಜಿನಿಂದ ಮಾಯವಾಗಿತ್ತು. ಬೀರುವಿನಲ್ಲಿ ಪಾಸ್‌ಪೋರ್ಟ್ ಇದ್ದ ಜಾಗದಲ್ಲಿ ಪೆನ್ಸಿಲ್ ಇಟ್ಟು ಮನೆಯಾಕೆ ಬೀಗ ಹಾಕುತ್ತಿದ್ದರು.